ಮಕ್ಕಳು, ಡ್ಯೂಟಿ, ಅರ್ಧಕ್ಕೆ ನಿಂತ ಡಿಗ್ರಿ: ಮತ್ತೆ ಶುರು ಮಾಡಿದವರು ಯಾರಾದ್ರೂ ಇದ್ದೀರಾ?

ಲೆಕ್ಕದಮ್ಮ, ತುಮಕೂರು

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ನೇರ ವಿಷಯಕ್ಕೆ ಬರ್ತೀನಿ. ನನ್ನ ಬಿಕಾಂ ನಾಲ್ಕನೇ ಸೆಮಿಸ್ಟರ್‌ಗೆ ನಿಂತುಹೋಯ್ತು. ಮದುವೆ ಆಯ್ತು, ಬಾಣಂತನ ಆಯ್ತು, ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ನನಗೆ ಮೂವತ್ತಮೂರು. ದೊಡ್ಡವನು ನಾಲ್ಕನೇ ಕ್ಲಾಸು, ಚಿಕ್ಕವಳು ಅಂಗನವಾಡಿ. ಒಂದು ಸೌಹಾರ್ದ ಸಹಕಾರಿಯಲ್ಲಿ ಕ್ಯಾಷ್ ಕೌಂಟರ್‌ನಲ್ಲಿದ್ದೀನಿ. ಯಜಮಾನರು ಟಾಟಾ ಏಸ್ ಓಡಿಸ್ತಾರೆ, ಬಾಡಿಗೆ ಸಿಕ್ಕ ದಿನ ಯಾವಾಗ ಮನೆಗೆ ಬರ್ತಾರೆ ಅಂತ ಹೇಳಕ್ಕಾಗಲ್ಲ.

ಅಕೌಂಟೆಂಟ್ ಪೋಸ್ಟ್ ಖಾಲಿಯಾಗ್ತಿದೆ. ಕೆಲಸ ಪೂರ್ತಿ ನನಗೆ ಬರುತ್ತೆ. ಪಿಗ್ಮಿ ಕಲೆಕ್ಷನ್ ತಾಳೆ ನೋಡೋದು, ಡೇ ಬುಕ್, ಜಿಎಸ್‌ಟಿ ಫೈಲಿಂಗ್‌ಗೆ ಆಡಿಟರಿಗೆ ಕಳಿಸೋದು ಎಲ್ಲಾ ನಾನೇ. ಆದ್ರೆ ಬೈಲಾದಲ್ಲಿ ಪದವಿ ಅಂತಿದೆ. ಹೋದ ವರ್ಷ ಸೇರಿದ ಹುಡುಗಿಗೆ ಚೆಕ್ ಕ್ಲಿಯರಿಂಗ್ ಕಲಿಸಿದ್ದು ನಾನು, ಪೋಸ್ಟ್ ಅವಳಿಗೆ ಹೋಗುತ್ತೆ. ಅವಳ ಮೇಲೆ ಬೇಜಾರಿಲ್ಲ.

ಹಳೇ ಎರಡು ವರ್ಷ ಲೆಕ್ಕಕ್ಕೆ ಬರುತ್ತಾ? ಮೊದಲಿಂದ ಓದಬೇಕಾ? ರಾಜ್ಯದ ಮುಕ್ತ ವಿವಿನಾ, ಕೇಂದ್ರದ ಮುಕ್ತ ವಿವಿ ಇಗ್ನೋನಾ? ಮುಖ್ಯವಾಗಿ, ಮನೆಯಲ್ಲಿ ಮಕ್ಕಳಿಟ್ಟುಕೊಂಡು ಓದಿದವರು ಯಾವ ಹೊತ್ತಲ್ಲಿ ಓದಿದ್ರಿ ಹೇಳಿ. ಅತ್ತೆ ಹೇಳ್ತಾರೆ, "ಮಗನ ಹೋಮ್‌ವರ್ಕ್ ಮಾಡಿಸೋ ವಯಸ್ಸಲ್ಲಿ ನಿಂದೇ ಹೋಮ್‌ವರ್ಕ್ ತಂದುಕೊಳ್ತೀಯಾ?" ಅಂತ. ನಕ್ಕು ಸುಮ್ಮನಾದೆ. ಆದ್ರೆ ಮಾತು ತಪ್ಪೇನಲ್ಲ ಅನ್ಸುತ್ತೆ.

ತೆರಪಿನ ಮಗ, ಮೈಸೂರು

ಅಕ್ಕಾ, ನಮ್ಮಮ್ಮ ಎಂಬತ್ತರ ದಶಕದಲ್ಲಿ ಮೈಸೂರು ವಿವಿಯ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿಎ ಮಾಡಿದವರು. ಪಾಠಗಳು ಪೋಸ್ಟಲ್ಲಿ ಬರ್ತಿದ್ವು, ನಾನು ಆಗ ಕೂಸು. ಅದೇ ಸಂಸ್ಥೆ 1969ರಲ್ಲಿ ಶುರುವಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯ್ತು. ಆದ್ದರಿಂದ ನೀವೇನೂ ಯಾರೂ ಮಾಡದ ಕೆಲಸಕ್ಕೆ ಇಳೀತಿಲ್ಲ.

ಕೆಲಸದ ಮಾತು ಹೇಳ್ತೀನಿ. ಎಲ್ಲಿಗೇ ಸೇರಿ, ಮೊದಲು ಯುಜಿಸಿಯ (ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರದ ಆಯೋಗ) ದೂರಶಿಕ್ಷಣ ಬ್ಯೂರೋ ವೆಬ್‌ಸೈಟಲ್ಲಿ ಆ ವಿವಿ, ಆ ಕೋರ್ಸ್, ಆ ವರ್ಷ ಮೂರೂ ಪಟ್ಟಿಯಲ್ಲಿವೆಯಾ ನೋಡಿ. ವಿವಿ ಹೆಸರು ಇದ್ದರಷ್ಟೇ ಸಾಲದು. ಮುಕ್ತ ವಿವಿಯದ್ದೇ ಉದಾಹರಣೆ ತಗೊಳ್ಳಿ: 2012-13ರ ನಂತರದ ಕೋರ್ಸ್‌ಗಳಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಹೇಳ್ತು, 2018-19ರಿಂದ ಮತ್ತೆ ಮಾನ್ಯತೆ ಸಿಕ್ತು. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಮೈಸೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಈಗ ಸರಿಯಾಗಿದೆ, ಹೆದರಬೇಡಿ, ಆದ್ರೆ ನೋಡಿಕೊಂಡೇ ಸೇರಿ. 2024ರಿಂದ ದೂರಶಿಕ್ಷಣಕ್ಕೆ ಸೇರೋರೆಲ್ಲ ಆ ಬ್ಯೂರೋದ ಡೆಬ್ ಐಡಿ ಮಾಡಿಸಬೇಕು, ಅದಕ್ಕೆ ಮೊದಲು ಎಬಿಸಿ ಐಡಿ, ಅಂದ್ರೆ ಓದಿದ ಕ್ರೆಡಿಟ್‌ಗಳನ್ನ ಕೂಡಿಡೋ ಖಾತೆಯ ನಂಬರು. ಎರಡೂ ಮೊಬೈಲಲ್ಲೇ ಆಗುತ್ತೆ. ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಎರಡರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಮೊದಲೇ ನೋಡಿ. ಮದುವೆ ಆದ ಹೆಣ್ಣುಮಕ್ಕಳ ಅರ್ಜಿ ಹೆಚ್ಚಾಗಿ ಇಲ್ಲೇ ಸಿಕ್ಕಿಹಾಕಿಕೊಳ್ಳೋದು. ಆಧಾರಲ್ಲಿ ಗಂಡನ ಹೆಸರು, ಮಾರ್ಕ್ಸ್ ಕಾರ್ಡಲ್ಲಿ ಅಪ್ಪನ ಇನಿಷಿಯಲ್.

ಕೌಂಟರ್ ನಂಬರ್ 3, ಬೆಂಗಳೂರು

ಹಳೇ ಎರಡು ವರ್ಷದ ಬಗ್ಗೆ: ಎಬಿಸಿ ಕ್ರೆಡಿಟ್ ಬ್ಯಾಂಕ್ ಶುರುವಾಗಿದ್ದು 2021ರಲ್ಲಿ. ನಿಮ್ಮ ಹಳೇ ಸೆಮಿಸ್ಟರ್‌ಗಳು ತಾವಾಗೇ ಅದರೊಳಗೆ ಬಂದು ಕೂತಿರೋದಿಲ್ಲ. ಇಗ್ನೋದಲ್ಲಿ ಕ್ರೆಡಿಟ್ ಟ್ರಾನ್ಸ್‌ಫರ್ ಅಂತ ಇದೆ. ಅರ್ಜಿ ಹಾಕಿ, ಹಳೇ ಮಾರ್ಕ್ಸ್ ಕಾರ್ಡ್ ಜೊತೆ ಆಗಿನ ಸಿಲಬಸ್ ಪ್ರತಿ ಕೊಡಬೇಕು. ಅವರ ಪೇಪರಿಗೆ ಹೊಂದಿದ್ದಷ್ಟಕ್ಕೆ ಮಾತ್ರ ವಿನಾಯಿತಿ.

ಆದ್ರೆ ಮೇಡಂ, ಬಿಕಾಂ ಆಗಿರೋದ್ರಿಂದ ಒಂದು ಮಾತು. ನೀವು ಆಗ ಓದಿದ್ದು ವ್ಯಾಟ್, ಈಗ 2017ರಿಂದ ಜಿಎಸ್‌ಟಿ. ನೀವು ಓದಿದ್ದು 1956ರ ಕಂಪನಿ ಕಾಯ್ದೆ, ಈಗಿರೋದು 2013ರದ್ದು. ನಡುವೆ ರಾಜ್ಯದಲ್ಲಿ 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪ್ರಕಾರ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಹೋಯ್ತು. ಹಳೇದನ್ನ ಉಳಿಸಿಕೊಳ್ಳೋಕೆ ಓಡಾಡೋ ದಿನಗಳಲ್ಲಿ ಮೊದಲ ವರ್ಷದ ಪೇಪರ್ ಬರೆದೇ ಮುಗಿಸಬಹುದು. ಅದೂ ಅಲ್ದೆ ದಿನಾ ಅದೇ ಕೆಲಸ ಮಾಡೋರಿಗೆ ಫೈನಾನ್ಷಿಯಲ್ ಅಕೌಂಟಿಂಗ್ ಏನು ಕಷ್ಟ?

ವಸ್ತಿ ಗಾಡಿ, ಹುಬ್ಬಳ್ಳಿ ಕಡೆ

ಅಕ್ಕಾರ, ನಾ ಕಂಡಕ್ಟರ್ ಅದೀನಿ. ಬಿಎ ನಡದೈತಿ. ಎರಡು ಮಕ್ಕಳು, ನಮ್ಮಕಿ ಹೊಲಿಗಿ ಮಾಡ್ತಾಳ.

ಯಾವ ಹೊತ್ತಿನ್ಯಾಗ ಓದಿದ್ರಿ ಅಂತ ಕೇಳೀರಿ. ನಾ ಓದೂದು ವಸ್ತಿ ಊರಾಗ. ರಾತ್ರಿ ಗಾಡಿ ಹಳ್ಳಿ ಮುಟ್ಟತೈತಿ, ಮುಂಜಾನಿ ಕತ್ತಲಿದ್ದಾಗ ಬಿಡಬೇಕು. ಡ್ರೈವರ್ ಅಣ್ಣ ಉಂಡು ಮಲಗತಾನ. ನಾ ಮೊದಲ ವೇಬಿಲ್ ಲೆಕ್ಕ ಮುಗಸತೀನಿ, ಚಿಲ್ಲರಿ ಎಣಿಸಿ ಚೀಲದಾಗ ಹಾಕಿ ತಲಿ ಕೆಳಗ ಇಟ್ಕೊಂಡು ಬಸ್ಸಿನ ಲೈಟ್‌ನ್ಯಾಗ ಓದತೀನಿ. ಲೈಟ್ ಭಾಳ ಹೊತ್ತು ಹಚ್ಚಿದ್ರ ಬ್ಯಾಟ್ರಿ ಇಳೀತೈತಿ ಅಂತ ಡ್ರೈವರ್ ಬೈತಾನ, ಹಿಂಗಾಗಿ ಒಂದು ಚಾರ್ಜಿಂಗ್ ಲೈಟ್ ಇಟ್ಟೀನಿ. ಮನ್ಯಾಗ ಒಂದು ಹಾಳಿ ಓದಾಕ ಆಗಂಗಿಲ್ಲ. ಸಣ್ಣಾಂವ ಪುಸ್ತಕ ಕಂಡ್ರ ತನಗ ಕತಿ ಹೇಳು ಅಂತಾನ. ಭಾರತದ ಸಂವಿಧಾನದಾಗ ಏನ್ ಕತಿ ಹೇಳ್ಲಿ ಅವಂಗ?

ನನಗ ತ್ರಾಸ ಆಗೂದು ಓದಿಂದಲ್ಲ, ರಜಾದ್ದು. ಪರೀಕ್ಷಾ ಟೈಮ್ ಟೇಬಲ್ ಕಡೀಗೆ ಬರ್ತದ, ನಮ್ಮ ಡ್ಯೂಟಿ ಚಾರ್ಟ್ ಅದಕ್ಕಿಂತ ಮೊದಲ ಬಿದ್ದಿರತದ. ಜೋಡಿ ಕಂಡಕ್ಟರ್‌ಗೋಳ ಕಾಲ ಹಿಡದು ಡ್ಯೂಟಿ ಬದಲಿ ಮಾಡ್ಕೊಂಡು ಬರೀಬೇಕು. ಆ ಸಾಲ ತೀರಸಾಕ ಮುಂದ ಅವರ ಮದುವಿ, ಜಾತ್ರಿ ಎಲ್ಲಾದಕ್ಕೂ ನಾ ನಿಲ್ಲಬೇಕು. ಉಗಾದಿ ದಿವಸನೂ ಗಾಡ್ಯಾಗ ಇದ್ದೆ.

ಸೆಕೆಂಡ್ ಶಿಫ್ಟ್, ಪೀಣ್ಯ

ವಸ್ತಿ ಗಾಡಿ ಅಣ್ಣ, ನಿಮ್ಮ ಮಾತಿಗೆ ನೂರು ಲೈಕು. ನಾನು ಡಿಪ್ಲೊಮಾ ಮಾಡಿ ಮೆಷಿನ್ ಶಾಪಲ್ಲಿದ್ದೀನಿ. ಸಂಜೆ ಕಾಲೇಜಿಗೆ ಬಿಇಗೆ ಸೇರಿದೆ. ಒಂದು ವಾರ ಫಸ್ಟ್ ಶಿಫ್ಟ್, ಒಂದು ವಾರ ಸೆಕೆಂಡ್, ಒಂದು ವಾರ ನೈಟ್. ಫಸ್ಟ್ ಶಿಫ್ಟ್ ವಾರ ಕಾಲೇಜಿಗೆ ಆರಾಮ. ಸೆಕೆಂಡ್ ಶಿಫ್ಟ್ ವಾರ ಮಧ್ಯಾಹ್ನ ಎರಡಕ್ಕೆ ಒಳಗೆ ಹೋದ್ರೆ ರಾತ್ರಿ ಹತ್ತಕ್ಕೆ ಹೊರಗೆ, ಕ್ಲಾಸಿಗೆ ಒಂದು ದಿನವೂ ಹೋಗೋಕಾಗಲ್ಲ. ಮೂರರಲ್ಲಿ ಒಂದು ವಾರ ಪೂರ್ತಿ ಹೋಯ್ತು ಅಂದ್ರೆ ಶೇ. 75 ಹಾಜರಾತಿ ಎಲ್ಲಿಂದ ತರಲಿ? ಕ್ಲಾಸ್ ಸಂಜೆ ಇಟ್ಟ ಮಾತ್ರಕ್ಕೆ ದುಡಿಯೋರಿಗೆ ಅನುಕೂಲ ಆಯ್ತು ಅಂತಲ್ಲ. ಜನರಲ್ ಶಿಫ್ಟಿನ ಆಫೀಸಿನವರಿಗೆ ಮಾತ್ರ ಅನುಕೂಲ.

ಮಗಳು ಹುಟ್ಟಿದ ಮೇಲೆ ನೈಟ್ ಶಿಫ್ಟ್ ಮುಗಿಸಿ ಬಂದು ಬೆಳಗ್ಗೆ ಮಲಗೋದೂ ನಿಂತುಹೋಯ್ತು. ಸದ್ಯಕ್ಕೆ ಪಾಸಾಗದೆ ಉಳಿದ ಎರಡು ಪೇಪರ್ ಬ್ಯಾಕ್ ಇವೆ. ಬಿಡ್ತೀನಿ ಅಂತ ಹೇಳ್ತಿಲ್ಲ.

ಕಡಲ ತಡಿ, ಮಂಗಳೂರು

ನಮ್ಮಲ್ಲಿ ಸಂಜೆ ಕಾಲೇಜು ಹೊಸ ವಿಷಯ ಅಲ್ಲ, ಅಲೋಶಿಯಸ್, ಬೆಸೆಂಟ್ ಎಲ್ಲ ಮೊದಲಿಂದ ಉಂಟು. ನಾನು ಲ್ಯಾಬ್ ಟೆಕ್ನಿಷಿಯನ್, ಡ್ಯೂಟಿ ಮುಗಿಸಿ ಸೀದಾ ಕ್ಲಾಸಿಗೆ ಹೋಗಿ ಬಿಕಾಂ ಮುಗಿಸಿದ್ದು. ಪಾಠ ಒಳ್ಳೆದಿತ್ತು, ಲೆಕ್ಚರರ್‌ಗಳಿಗೂ ನಮ್ಮ ಕಷ್ಟ ಗೊತ್ತಿತ್ತು. ನನಗೆ ತಲೆಬಿಸಿ ಆದದ್ದು ಬಸ್ಸು ಮಾರಾಯ್ರೆ. ಕ್ಲಾಸ್ ಬಿಡುವ ಹೊತ್ತಿಗೆ ನಮ್ಮ ರೂಟಿನ ಲಾಸ್ಟ್ ಬಸ್ಸು ಹೋಗಿ ಆಗಿರ್ತದೆ. ಕೊನೆಯ ಪೀರಿಯಡ್ ಯಾವತ್ತೂ ಅರ್ಧವೇ ನನಗೆ. ಕಾಸ್ಟ್ ಅಕೌಂಟಿಂಗ್ ಆ ಪೀರಿಯಡಲ್ಲಿ ಇತ್ತು, ಹಾಗಾಗಿ ಆ ಸಬ್ಜೆಕ್ಟ್ ನನಗೆ ಇವತ್ತಿಗೂ ಅರ್ಧವೇ ಬರುವುದು.

2023ರಲ್ಲಿ ಶಕ್ತಿ ಯೋಜನೆ ಬಂದಾಗ ಮೈಸೂರು ಕಡೆಯ ಕಸಿನ್ ಫೋನ್ ಮಾಡಿ "ಇನ್ನು ನಿಂಗೆ ಬಸ್ ಫ್ರೀ ಅಲ್ವಾ" ಅಂದಳು. ಇಲ್ಲಿ ಊರೊಳಗೆ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಶಕ್ತಿ ಇರುವುದು ಸರಕಾರಿ ಬಸ್ಸಿಗೆ. ಘಟ್ಟದ ಮೇಲಿನ ಹೆಂಗಸರಿಗೆ ದೂರಶಿಕ್ಷಣದ ಕಾಂಟ್ಯಾಕ್ಟ್ ಕ್ಲಾಸಿಗೆ ಹೋಗಿ ಬರಲಿಕ್ಕೆ ಅದು ನಿಜವಾಗಿ ದೊಡ್ಡ ಉಪಕಾರ. ನಮಗೆ ಟಿಕೆಟೇ ಗತಿ.

ಅಂದ ಹಾಗೆ ಒಂದು ತಮಾಷೆ. ಹಳೆ ಟ್ಯಾಕ್ಸ್ ರೆಜೀಮಲ್ಲಿ ಮಕ್ಕಳ ಟ್ಯೂಷನ್ ಫೀಸಿಗೆ ವಿನಾಯಿತಿ ಉಂಟಲ್ಲ, ಸ್ವಂತ ಕಾಲೇಜ್ ಫೀಸಿಗೆ ಅದು ಇಲ್ಲ! ಸಾಲ ಮಾಡಿ ಓದಿದರೆ ಬಡ್ಡಿಗೆ ಉಂಟು. ಅಪ್ಪ ಅಮ್ಮ ಓದಿಸುವವರು ಮಾತ್ರ, ಓದುವವರಲ್ಲ ಅಂತ ಸರಕಾರವೇ ತೀರ್ಮಾನ ಮಾಡಿದ ಹಾಗೆ.

ನೇರ ಮಾತು

ಎಲ್ಲರೂ ಹುರಿದುಂಬಿಸ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಸರ ಬೇಡ. ನಾಲ್ಕು ವರ್ಷದ ಮಗು ಇದೆ. ಇಡೀ ದಿನ ಅಮ್ಮ ಕೌಂಟರಲ್ಲಿ. ಸಂಜೆ ಸಿಗೋ ಎರಡು ಮೂರು ಗಂಟೆನೂ ಪುಸ್ತಕಕ್ಕೆ ಹೋದ್ರೆ ಮಗುವಿಗೆ ಉಳಿಯೋದೇನು? ಐದು ವರ್ಷ ಬಿಟ್ಟು ಓದಿದ್ರೆ ಯಾರು ಬೇಡ ಅಂತಾರೆ? ಡಿಗ್ರಿ ಓಡಿಹೋಗಲ್ಲ.

ಕೌಂಟರ್ ನಂಬರ್ 3, ಬೆಂಗಳೂರು

ಡಿಗ್ರಿ ಓಡಿಹೋಗಲ್ಲ ಸರಿ, ವಯಸ್ಸು ಓಡುತ್ತೆ. ಕೆಪಿಎಸ್‌ಸಿಯ ಸರ್ಕಾರಿ ನೇಮಕಾತಿಯಲ್ಲಿ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ ಸಾಕು, ಎಫ್‌ಡಿಎಗೆ (ಪ್ರಥಮ ದರ್ಜೆ ಸಹಾಯಕ) ಪದವಿ ಬೇಕು. ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರು ಮತ್ತು ಪ್ರವರ್ಗ-1ಕ್ಕೆ 40 ಅಂತ ಬಹಳ ಕಾಲದಿಂದ ಇದೆ, ಒಂದೊಂದು ಸಲ ಸಡಿಲಿಕೆ ಕೊಟ್ಟಿದ್ದಾರೆ. ಐದು ವರ್ಷ ಬಿಟ್ಟು ಶುರು ಮಾಡಿದ್ರೆ ಮುಗಿಯೋ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತೆ. ಇವರ ಸೊಸೈಟಿಯಲ್ಲೂ ಆ ಪೋಸ್ಟ್ ಐದು ವರ್ಷ ಖಾಲಿ ಇಟ್ಟುಕೊಂಡು ಕಾಯ್ತಾರಾ?

ಗುಬ್ಬಿ ಗೂಡು, ಹಾಸನ

ನೇರ ಮಾತು ಅವರಿಗೆ ಒಂದೇ ಪ್ರಶ್ನೆ. ಇದೇ ಥ್ರೆಡ್ಡಲ್ಲಿ ಮೇಲೆ ಇಬ್ಬರು ಅಪ್ಪಂದಿರು ಬರೆದಿದ್ದಾರೆ. ಒಬ್ಬರು ವಸ್ತಿ ಗಾಡಿಯಲ್ಲಿ ಮಲಗ್ತಾರೆ, ಒಬ್ಬರು ನೈಟ್ ಶಿಫ್ಟು. ಅವರ ಮಕ್ಕಳಿಗೆ ಉಳಿಯೋದೇನು ಅಂತ ನೀವು ಅವರನ್ನ ಕೇಳಲಿಲ್ಲ.

ನೇರ ಮಾತು

ಕೇಳಬೇಕಿತ್ತು, ನಿಜ. ಆದ್ರೂ ಮಗುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ. ಅಪ್ಪನಿಗೂ ಸೇರಿಸಿ.

ಭಾನುವಾರದ ಮೇಷ್ಟ್ರು, ಶಿವಮೊಗ್ಗ

ದೂರಶಿಕ್ಷಣದ ಅಧ್ಯಯನ ಕೇಂದ್ರವೊಂದರಲ್ಲಿ ಕೌನ್ಸೆಲಿಂಗ್ ಕ್ಲಾಸ್, ಅಂದ್ರೆ ಪಾಠ, ತಗೊಳ್ತೀನಿ, ತುಂಬಾ ವರ್ಷದಿಂದ. ನಮ್ಮ ಬೆಂಚಲ್ಲಿ ಪೊಲೀಸರು, ನರ್ಸುಗಳು, ಅಂಗನವಾಡಿ ಕಾರ್ಯಕರ್ತೆಯರು, ಅಡಿಕೆ ಮಂಡಿ ಗುಮಾಸ್ತರು ಎಲ್ಲ ಕೂತಿರ್ತಾರೆ. ನಾನು ನೋಡಿದ ಮಟ್ಟಿಗೆ ಇವರಲ್ಲಿ ಫೇಲಾಗಿ ಬಿಟ್ಟವರು ಕಡಿಮೆ. ಹೆಚ್ಚಿನವರು ಪರೀಕ್ಷೆಗೇ ಕೂರೋದಿಲ್ಲ. ಅಸೈನ್‌ಮೆಂಟ್ ದಿನ ತಪ್ಪುತ್ತೆ, ಇಲ್ಲವೇ ಪರೀಕ್ಷೆ ಫೀಸು ಕಟ್ಟೋ ದಿನ ತಪ್ಪುತ್ತೆ, ಇಲ್ಲವೇ ಮುಂದಿನ ವರ್ಷಕ್ಕೆ ರೀರಿಜಿಸ್ಟ್ರೇಷನ್ ಮಾಡಿಸೋದು ಮರೆಯುತ್ತೆ. ಒಂದು ಸಲ ತಪ್ಪಿದ ಮೇಲೆ ನಾಚಿಕೆಗೆ ಈ ಕಡೆ ತಲೆ ಹಾಕೋದಿಲ್ಲ. ಬುದ್ಧಿಗೇನೂ ಬರವಿಲ್ಲ ಇವರಿಗೆ. ದಿನಾಂಕಗಳ ಲೆಕ್ಕದಲ್ಲೇ ಸೋಲೋದು.

ಅದಕ್ಕೆ ಲೆಕ್ಕದಮ್ಮನವರೇ, ನೀವು ಓದೋ ಹೊತ್ತು ಹುಡುಕೋ ಮೊದಲು ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ಮುಂದೆ ಇಟ್ಟುಕೊಳ್ಳಿ. ಇಗ್ನೋ ಉದಾಹರಣೆಗೆ ಹೇಳ್ತೀನಿ. ವರ್ಷಕ್ಕೆ ಎರಡು ಪರೀಕ್ಷೆ, ಜೂನ್ ಮತ್ತು ಡಿಸೆಂಬರ್. ಹೆಚ್ಚಿನ ಪೇಪರಿಗೆ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ 70. ಜೂನ್ ಪರೀಕ್ಷೆ ಬರೆಯೋರು ಅಸೈನ್‌ಮೆಂಟನ್ನ ಮಾರ್ಚ್, ಏಪ್ರಿಲ್ ಹೊತ್ತಿಗೆ ಕೊಡಬೇಕು. ನೀವು ಸಹಕಾರಿ ಸಂಘದವರು. ಮಾರ್ಚ್ 31 ಅಂದ್ರೆ ನಿಮಗೆ ಇಯರ್ ಎಂಡಿಂಗ್, ರಾತ್ರಿ ಒಂಬತ್ತಾದ್ರೂ ಮನೆ ಸೇರೋಕಾಗಲ್ಲ. ಅದೇ ಹೊತ್ತಲ್ಲಿ ಮಗನ ವಾರ್ಷಿಕ ಪರೀಕ್ಷೆ. ಏಪ್ರಿಲ್ ಎರಡನೇ ವಾರದಿಂದ ಮಕ್ಕಳು ರಜೆಯಲ್ಲಿ ಮನೆಯಲ್ಲೇ. ಜೂನ್‌ನಲ್ಲಿ ಪರೀಕ್ಷೆ ಅಂದ್ರೆ ಶಾಲೆ ಆಗಷ್ಟೇ ಶುರುವಾಗಿರುತ್ತೆ, ಯೂನಿಫಾರಂ, ನೋಟ್‌ಬುಕ್ಕು, ಮೊದಲ ಮಳೆಗೆ ಚಿಕ್ಕವಳಿಗೆ ಜ್ವರ. ನಿಮ್ಮಂಥವರು ಜೂನಿಗೆ ಒಂದೋ ಎರಡೋ ಪೇಪರ್ ಇಟ್ಟುಕೊಂಡು ಭಾರವೆಲ್ಲ ಡಿಸೆಂಬರಿಗೆ ಹಾಕಬೇಕು. ದಸರಾ ರಜೆಯಲ್ಲಿ ಮಕ್ಕಳನ್ನ ತವರಿಗೆ ಕಳಿಸಿ ಅಸೈನ್‌ಮೆಂಟ್ ಬರೆದು ಮುಗಿಸಿ. ಒಂದು ಪೇಪರ್ ಉಳಿದರೂ ಮುಂದಿನ ವರ್ಷಕ್ಕೆ ರೀರಿಜಿಸ್ಟರ್ ಮಾಡಬಹುದು, ಪಾಸಾಗಿರಲೇಬೇಕು ಅಂತಿಲ್ಲ. ಮೂರು ವರ್ಷದ ಪದವಿಗೆ ಆರು ವರ್ಷ ಕಾಲಾವಕಾಶ ಕೊಟ್ಟಿರೋದು ನಿಮ್ಮಂಥವರಿಗೇ. ಅದನ್ನ ಬಳಸಿಕೊಳ್ಳೋಕೆ ಯಾಕೋ ನಮ್ಮ ಜನಕ್ಕೆ ಅವಮಾನ. "ಇನ್ನೂ ಮುಗಿದಿಲ್ವಾ?" ಅಂತ ಕೇಳೋ ನೆಂಟರಿಗೆ ಹೆದರಿ ಒಂದೇ ಸಲ ಎಂಟು ಪೇಪರ್ ಕಟ್ಟಿ, ಎಂಟೂ ಬಿಟ್ಟು ಕೂತವರನ್ನ ಬೇಕಾದಷ್ಟು ನೋಡಿದ್ದೀನಿ.

ಸರ್ಕಾರಿ ನೌಕರರು ಯಾರಾದ್ರೂ ಓದ್ತಿದ್ರೆ: ಸೇರೋ ಮೊದಲೇ ಇಲಾಖೆ ಅನುಮತಿ ಪತ್ರ ತಗೊಳ್ಳಿ. ಆಮೇಲೆ ತಗೊಂಡ ಡಿಗ್ರಿ ಸರ್ವಿಸ್ ರಿಜಿಸ್ಟರಿಗೆ ಏರಿಸೋಕೆ ಒದ್ದಾಡಬೇಕಾಗುತ್ತೆ.

ಗುಬ್ಬಿ ಗೂಡು, ಹಾಸನ

ಮೇಷ್ಟ್ರು ಹೇಳಿದ್ದಕ್ಕೆ ನಾನೊಂದು ಸೇರಿಸ್ತೀನಿ, ಇದು ಹೆಂಗಸರಿಗೆ. ಮನೆಯವರ ಹತ್ರ "ಓದ್ಲಾ?" ಅಂತ ಕೇಳಿದ್ರೆ "ಓದು, ಯಾರು ಬೇಡ ಅಂದ್ರು" ಅಂತಾರೆ. ಅದು ಒಪ್ಪಿಗೆ ಅಲ್ಲ. ಯಾವ ದಿನ, ಎಷ್ಟು ಹೊತ್ತು, ಆ ಹೊತ್ತು ಮಗು ಯಾರ ಹತ್ರ, ಅಡುಗೆ ಯಾರದು ಅಂತ ಬಿಡಿಸಿ ಕೇಳಿ. ನಾನು ಬರೆದಾಗ ಚಿಕ್ಕವನಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ. ಬೆಳಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಎರಡರಿಂದ ಐದು, ಒಂದೇ ದಿನ ಎರಡು ಪೇಪರ್ ಬಿದ್ದಿತ್ತು. ನಮ್ಮತ್ತೆ ಕೂಸನ್ನೆತ್ತಿಕೊಂಡು ಸೆಂಟರಿಗೆ ಬಂದ್ರು. ಹಾಲು ಕುಡಿಸೋಕೆ ಜಾಗ ಎಲ್ಲಿದೆ ಅಂತ ಕೇಳಿದ್ರೆ ವಾಚ್‌ಮನ್ ಪಾಪ ಸೈಕಲ್ ಸ್ಟ್ಯಾಂಡ್ ತೋರಿಸಿದ. ಎರಡು ಸ್ಕೂಟರ್ ಮಧ್ಯೆ ಅತ್ತೆ ಸೀರೆ ಸೆರಗು ಅಡ್ಡ ಹಿಡಿದು ನಿಂತ್ರು, ನಾನು ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದು ಕೈಯಲ್ಲಿ ಚಿತ್ರಾನ್ನ ತಿಂದೆ. ಓದೋದು ಬೇಡ ಅಂತ ಮೊದಲು ರಂಪ ಮಾಡಿದ್ದೂ ಇದೇ ಅತ್ತೆನೇ. ತಾರೀಕು ಹಾಕಿ "ಈ ದಿನ ನೀವು ಬರಬೇಕು" ಅಂತ ಕೇಳಿದ ಮೇಲೆ ಬಂದ್ರು. ಸುಮ್ಮನೆ "ಸಪೋರ್ಟ್ ಮಾಡಿ" ಅಂದಿದ್ರೆ ಏನು ಮಾಡ್ತಿದ್ರೋ ಗೊತ್ತಿಲ್ಲ.

50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಲ್ಲಿ ಬಂತು. ಪರೀಕ್ಷಾ ಕೇಂದ್ರದಲ್ಲಿ ಒಂದು ರೂಮು ಕೊಡಿ ಅಂತ ಯಾರೂ ಇನ್ನೂ ಕೇಳಿಲ್ಲ ಅನ್ಸುತ್ತೆ. ನಾವೇ ಕೇಳಬೇಕು.

ರೆಸ್ಯೂಮೆ ರಾಶಿ, ಬೆಂಗಳೂರು

ನಾನು ನೇಮಕಾತಿ ವಿಭಾಗದಲ್ಲಿದ್ದೀನಿ. ಕಹಿ ಸತ್ಯ ಹೇಳ್ತೀನಿ: ಹತ್ತು ವರ್ಷ ಅನುಭವ ಇದ್ರೂ ಪದವಿ ಕಾಲಂ ಖಾಲಿ ಇದ್ರೆ ಅರ್ಜಿ ನಮ್ಮ ಕಣ್ಣಿಗೇ ಬೀಳಲ್ಲ, ಸಾಫ್ಟ್‌ವೇರ್ ಅಲ್ಲೇ ಪಕ್ಕಕ್ಕೆ ತಳ್ಳುತ್ತೆ. ದೂರಶಿಕ್ಷಣದ್ದು ಅಂತ ಕೀಳಾಗಿ ನೋಡೋರು ಹಿಂದೆ ಇದ್ರು. ಮಾನ್ಯತೆ ಇರೋ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ 2022ರಲ್ಲಿ ಯುಜಿಸಿ ಮತ್ತೆ ಸ್ಪಷ್ಟ ಮಾಡಿದೆ. ನಾವು ನೋಡೋದು ವೆರಿಫಿಕೇಷನ್‌ನಲ್ಲಿ ಮಾರ್ಕ್ಸ್ ಕಾರ್ಡ್ ನಿಜವಾ ಅಂತ. "ಒಂದೇ ವರ್ಷದಲ್ಲಿ ಡಿಗ್ರಿ" ಅಂತ ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿರ್ತಾರಲ್ಲ, ಅಲ್ಲಿ ದುಡ್ಡು ಕಟ್ಟಿ ಮೋಸ ಹೋದವರು ಮಕ್ಕಳೊಂದಿಗರೇ ಹೆಚ್ಚು, ಯಾಕಂದ್ರೆ ಅವರಿಗೇ ಟೈಮ್ ಇಲ್ಲದಿರೋದು. ದಯವಿಟ್ಟು ಆ ಕಡೆ ಹೋಗಬೇಡಿ.

ವಸ್ತಿ ಗಾಡಿ, ಹುಬ್ಬಳ್ಳಿ ಕಡೆ

ಮೇಷ್ಟ್ರ, ನೀವು ಹೇಳಿದ ಎಂಟು ಪೇಪರ್ ಕಟ್ಟಿ ಬಿಟ್ಟಾಂವ ನಮ್ಮ ಡಿಪೋದಾಗೂ ಒಬ್ಬಾಂವ ಅದಾನ. ಈ ಥ್ರೆಡ್ ಅವಂಗ ಕಳಸೀನಿ.

ಲೆಕ್ಕದಮ್ಮ, ತುಮಕೂರು

ಎಲ್ಲರದ್ದೂ ಓದಿದೆ, ಎರಡು ಸಲ. ನಿನ್ನೆ ರಾತ್ರಿ ಯಜಮಾನರ ಮುಂದೆ ಕ್ಯಾಲೆಂಡರ್ ಇಟ್ಟೆ. ಅವರು ಮೊದಲು ಹೇಳಿದ್ದು "ಡಿಸೆಂಬರಲ್ಲಿ ರಾಗಿ ಲೋಡು ಜಾಸ್ತಿ ಇರುತ್ತೆ ಕಣೇ" ಅಂತ. ಆಮೇಲೆ ಅವರೇ ಲೆಕ್ಕ ಹಾಕಿ, ಪರೀಕ್ಷೆ ದಿನಗಳಲ್ಲಿ ಲೋಕಲ್ ಬಾಡಿಗೆ ಮಾತ್ರ ಹಿಡೀತೀನಿ, ಮಧ್ಯಾಹ್ನ ಚಿಕ್ಕವಳನ್ನ ಅಂಗನವಾಡಿಯಿಂದ ಕರ್ಕೊಂಡು ಬರ್ತೀನಿ ಅಂದ್ರು. ಬರೆದು ಕೊಡಿ ಅಂದೆ, ನಕ್ಕರು. ಕ್ಯಾಲೆಂಡರಲ್ಲಿ ಬರೆಸಿಕೊಂಡಿದ್ದೀನಿ.

ನೇರ ಮಾತು ಅವರ ಮಾತು ನನ್ನ ಮನಸ್ಸಲ್ಲಿ ಉಳಿದಿದೆ, ಇಲ್ಲ ಅನ್ನಲ್ಲ. ಸಂಜೆ ಹೊತ್ತು ಮುಟ್ಟಲ್ಲ, ಅದು ಮಕ್ಕಳದ್ದು. ಬೆಳಗ್ಗೆ ನಾಲ್ಕೂವರೆಗೆ ನೀರು ಬರುತ್ತೆ ನಮ್ಮ ಬೀದಿಗೆ, ಹೇಗೂ ಏಳ್ತೀನಿ. ಸಂಪು ತುಂಬೋ ತನಕ ಕೂತು ಓದಬಹುದು.

ಅಕೌಂಟೆಂಟ್ ಪೋಸ್ಟ್ ಈ ಸಲ ಹೋಯ್ತು ಅಂತಲೇ ಇಟ್ಟುಕೊಂಡಿದ್ದೀನಿ. ಹಳೇ ಸೆಮಿಸ್ಟರ್ ಕ್ರೆಡಿಟ್‌ಗೆ ಓಡಾಡಲ್ಲ, ಮೊದಲಿಂದ ಶುರು. ಈಗ ಒಂದು ಸಣ್ಣ ವಿಷಯ. ಆಧಾರಲ್ಲಿ ಗಂಡನ ಹೆಸರು ಸೇರಿದೆ, ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಅಪ್ಪನ ಇನಿಷಿಯಲ್, ತೆರಪಿನ ಮಗ ಹೇಳಿದ ಹಾಗೇ ಆಗಿದೆ. ಆಧಾರ್ ತಿದ್ದಿಸಿದ್ರೆ ಬ್ಯಾಂಕ್ ಖಾತೆ, ರೇಷನ್ ಕಾರ್ಡ್, ಗೃಹಲಕ್ಷ್ಮಿ ಎಲ್ಲಾ ಏನಾಗುತ್ತೋ ಅಂತ ಭಯ. ಯಾರಾದ್ರೂ ಇದನ್ನ ದಾಟಿದವರಿದ್ದೀರಾ? ಅಫಿಡವಿಟ್ ಮಾಡಿಸಿದ್ರೆ ಸಾಕಾಯ್ತಾ?

ತೆರಪಿನ ಮಗ, ಮೈಸೂರು

ಈಗಲೇ ಆಧಾರ್ ಮುಟ್ಟಬೇಡಿ. ಮೊದಲು ಎಬಿಸಿ ಐಡಿಗೆ ಹಾಕಿ ನೋಡಿ, ಎಲ್ಲಿ ನಿಲ್ಲುತ್ತೆ ಅಂತ ಇಲ್ಲೇ ಬರೀರಿ. ನಿಮ್ಮ ಹತ್ರದ ಪ್ರಾದೇಶಿಕ ಕೇಂದ್ರಕ್ಕೂ ಹೋಗಿ ಕೇಳಿ, ಎರಡೂ ಕಾರ್ಡಿನ ಒರಿಜಿನಲ್ ತಗೊಂಡು ಹೋಗಿ. ಶನಿವಾರ ಹೋಗ್ತೀರಾದ್ರೆ ಎರಡನೇ, ನಾಲ್ಕನೇ ಶನಿವಾರನಾ ಅಂತ ನೋಡಿಕೊಂಡು ಹೊರಡಿ.